ಗುಡಿಸದ ಮನೆ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರಮಾವ ಗುರುಪಾದಪ್ಪನವರು. ಮಠವೊಂದರಲ್ಲಿ ಒಬ್ಬ ಶಿಷ್ಯ ತನ್ನ ಗುರುಗಳನ್ನು ಕೇಳಿದನಂತೆ:

"ಬುದ್ಧೀ, ನಿರ್ಗಮನವಾದ ಮೇಲೆಯೇ ದೀಕ್ಷೆ ಎಂದು ಬರೆದಿದೆ. ನಿರ್ಗಮನವೆಂದರೆ ಹೊರಗೆ ಹೋಗುವುದು ಎನ್ನುತ್ತಾರೆ. ಆದರೆ ಬಯಲಾಟದಲ್ಲಿ ಪಾತ್ರ ಪರದೆಯ ಒಳಗೆ ಹೋದರೂ ನಿರ್ಗಮನವೇ. ಸಭೆಯಿಂದ ಎದ್ದ ಅಧ್ಯಕ್ಷರದೂ ನಿರ್ಗಮನವೇ. ದೊಡ್ಡವರು ತೀರಿಕೊಂಡರೂ ಅದೇ ಮಾತು. ನಾನು ಹೇಳದೆ ಕೇಳದೆ ಮನೆ ಬಿಟ್ಟು ಒಂಬತ್ತು ದಿನವಾಯಿತು. ನನ್ನದು ಆಯಿತೋ ಇಲ್ಲವೋ ತಿಳಿಯದು. ನಾಳೆಯೇ ದೀಕ್ಷೆ."

ಗುರುಗಳು ಹೇಳಿದರು:

ಒಬ್ಬ ಗಾಣಿಗನಿದ್ದ. ಸಂಸಾರ ಸಾಕೆನಿಸಿ ಒಂದು ಬೆಳಗ್ಗೆ ಹೆಗಲಿಗೆ ಕಂಬಳಿ ಹಾಕಿ ಹೊಸ್ತಿಲು ದಾಟಿದ. ಪೊರಕೆ ಹಿಡಿದು ನಿಂತಿದ್ದ ಹೆಂಡತಿ, "ಹೋಗಿ ಬರ್ತೀನಿ ಅನ್ನೋಕೆ ಬಾಯಿ ನೋಯುತ್ತದೆಯೇ?" ಎಂದಳು.

"ಇದು ಹೋಗಿ ಬರುವಂಥದ್ದಲ್ಲ ಕಣೇ. ನಿರ್ಗಮನ."

"ಅಬ್ಬಾ, ಗಾಣದ ಸುತ್ತ ತಿರುಗುವವರ ಬಾಯಲ್ಲಿ ಎಂಥ ಮಾತು! ಆಗಲಿ. ಎಲ್ಲಿಗೆ ತಲುಪುತ್ತೀರಿ, ಅದನ್ನಾದರೂ ಹೇಳಿ. ಆಮೇಲೆ ನಾನು ಕಸ ಗುಡಿಸಬೇಕು."

ಮನೆಯಿಂದ ಹೊರಟವರು ಸೇರುವ ಕಡೆ ಸೇರುವ ತನಕ ಆ ಮನೆಯಲ್ಲಿ ಕಸ ಗುಡಿಸುವುದಿಲ್ಲ. ಹೊರಟ ಬೆನ್ನಿಗೇ ಗುಡಿಸಿ ತೊಳೆಯುವುದು ಹೆಣ ಎತ್ತಿದ ಮೇಲೆ ಮಾತ್ರ. ಎಲ್ಲಿಗೆ ತಲುಪುವುದೆಂದು ಗಾಣಿಗನಿಗೇ ಗೊತ್ತಿರಲಿಲ್ಲ. ಕಂಬಳಿ ಸರಿಮಾಡಿಕೊಂಡು ನಡೆದ.

ಬೆಟ್ಟದ ಗವಿಯೊಂದರಲ್ಲಿ ಕುಳಿತ. ಕಣ್ಣು ಮುಚ್ಚಿದರೆ ಪೊರಕೆ ಕಾಣುತ್ತಿತ್ತು. ಗುಡಿಸಿದ್ದರೆ ಅವಳ ಪಾಲಿಗೆ ನಾನು ಸತ್ತೆ. ಗುಡಿಸದಿದ್ದರೆ ಚೆಲ್ಲಿದ ಹಿಂಡಿಗೆ ಇರುವೆ ಮುತ್ತಿರುತ್ತದೆ. ಯಾವುದಾಗಲಿ ಎಂದು ಬೇಡಿಕೊಳ್ಳಬೇಕೋ ಅದೂ ತಿಳಿಯಲಿಲ್ಲ. ತಿಂಗಳಾದ ಮೇಲೆ ತಡೆಯಲಾರದೆ ಬಂದು ಅಂಗಳದಲ್ಲಿ ನಿಂತ. ಪಡಸಾಲೆಯ ತುಂಬ ಧೂಳು. ಪೊರಕೆ ಮೂಲೆಯಲ್ಲಿ ಒರಗಿತ್ತು. ಕಸದ ನಡುವೆ ಕೂತು ಎಳ್ಳು ಆರಿಸುತ್ತಿದ್ದ ಹೆಂಡತಿ ತಲೆ ಎತ್ತಿ ಕೇಳಿದಳು, "ತಲುಪಿದಿರಾ?"

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಶಿಷ್ಯನಿಗೆ ತಲೆಬುಡ ತಿಳಿಯಲಿಲ್ಲ. ಕತೆಗೆ ಮೊದಲು ಅರ್ಥವಾಗಿದ್ದ ಅಷ್ಟಿಷ್ಟೂ ಈಗ ಕೈತಪ್ಪಿ ಹೋಗಿತ್ತು.

"ಬುದ್ಧೀ, ಆಮೇಲೆ ಅವನು ಒಳಗೆ ಹೋದನೋ, ಗವಿಗೆ ಹಿಂದಿರುಗಿದನೋ?"

"ಅದಿರಲಿ. ನಿಮ್ಮ ಮನೆಯಲ್ಲಿ ಕಸ ಗುಡಿಸಿದರೇನಪ್ಪಾ?"

ಶಿಷ್ಯ ತಲೆ ತಗ್ಗಿಸಿದ.

ಕೇಳಿದವರು ಇದನ್ನು ಇನ್ನೊಬ್ಬರಿಗೆ ಹೇಳಿ. ಮನೆ ಬಿಟ್ಟು ಹೊರಟವರಿಗೆ, ಅವರು ಹೊಸ್ತಿಲ ಬಳಿ ಇರುವಾಗಲೇ ಹೇಳಿದರೆ ಇನ್ನೂ ಒಳ್ಳೆಯದು.