ಪಿಸ್ತೂಲಿಗೆ ಕಟ್ಟಿದ ಗೆಜ್ಜೆ

"ಅಜ್ಜಾರ, ನಾ ಆಡೂ ಮಾತು ಖರೇ ಇದ್ದರ, ಅದನ್ನ ನಾಕು ಮಂದಿಯೊಳಗ ಆಡಿದರ ತಪ್ಪೇನ್ರಿ?"

ಶಿಷ್ಯ ಮಡಿವಾಳಯ್ಯ ಹೀಗೆ ಕೇಳಿದಾಗ ಮಠದ ಅಜ್ಜನವರು ಬಿಸಿಲಿಗೆ ಕಾಲು ಚಾಚಿ ಕುಳಿತಿದ್ದರು. ಕಷ್ಟ ಹೇಳಿಕೊಳ್ಳಲು ಮಠಕ್ಕೆ ಬರುವವರ ಮಾತು ಕೇಳುವ ಕೆಲಸವನ್ನು ಅವರು ಈ ಶಿಷ್ಯನಿಗೆ ವಹಿಸಿದ್ದರು. ಹಿಂದಿನ ದಿನ ಊಟದ ಪಂಕ್ತಿಯಲ್ಲಿ, ಸಾರು ಬರುವುದು ತಡವಾಯಿತೆಂದು, ದವಸದ ಅಡತಿ ಅಂಗಡಿಯ ಯಜಮಾನನೊಬ್ಬ ಬಡಿಸುತ್ತಿದ್ದ ಅವನನ್ನು ಎಲ್ಲರೆದುರು ಬೈದಿದ್ದ. ಕೂಳಿಗಾಗಿ ಕಾವಿ ಉಟ್ಟವನು ಎಂದಿದ್ದ. ಅದೇ ಯಜಮಾನ ಹೋದ ವರ್ಷ ಬಾಗಿಲು ಮುಚ್ಚಿಸಿ, ತನ್ನ ಬಾಳಿನ ದೊಡ್ಡ ತಪ್ಪೊಂದನ್ನು ಇದೇ ಶಿಷ್ಯನ ಮುಂದೆ ಅಳುತ್ತ ಒಪ್ಪಿಕೊಂಡಿದ್ದ. ಅದು ಹೊರಬಿದ್ದರೆ ಅವನು ಊರಲ್ಲಿ ತಲೆ ಎತ್ತುವಂತಿರಲಿಲ್ಲ. ಈಗ ಅವನ ಮಗಳ ಮದುವೆ ಬೇರೆ ಗೊತ್ತಾಗಿತ್ತು. ಮರುದಿನ ಮಠದಲ್ಲಿ ಸಭೆ. ಯಜಮಾನನ ಬಾಯಿ ಮುಚ್ಚಿಸಲು ಮಡಿವಾಳಯ್ಯನಿಗೆ ಆ ಒಂದು ಮಾತು ಸಾಕಾಗಿತ್ತು.

ಅಜ್ಜನವರು ತಪ್ಪೆಂದೂ ಹೇಳಲಿಲ್ಲ, ಸರಿಯೆಂದೂ ಹೇಳಲಿಲ್ಲ. ಎದುರಿಗೆ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಬಂಗಾರದ ವ್ಯಾಪಾರಿ ಇದ್ದ. ಊರೂರು ತಿರುಗಿ ಜನರಿಂದ ಬಂಗಾರ ಪಡೆದು, ಒಡವೆ ಮಾಡಿಸಿ, ಮನೆಗೆ ಮುಟ್ಟಿಸುತ್ತಿದ್ದ. ಒಮ್ಮೆ ಕಾಡುದಾರಿಯಲ್ಲಿ ಕಳ್ಳರು ಅವನ ತಮ್ಮನನ್ನು ಕೊಂದರು. ವ್ಯಾಪಾರಿ ಸರಕಾರದ ಪರವಾನಗಿ ಪಡೆದು ಒಂದು ಪಿಸ್ತೂಲು ಕೊಂಡ. ಯಾರಿಗೂ ಕಾಣದಂತೆ ಕೋಟಿನೊಳಗೆ, ಸೊಂಟಕ್ಕೆ ಕಟ್ಟಿಕೊಂಡ.

ಕಟ್ಟಿಕೊಂಡ ದಿನದಿಂದ ಅವನ ನಡಿಗೆ ಬದಲಾಯಿತು. ಸಂತೆಯಲ್ಲಿ ಎದೆ ಸೆಟೆಸಿ ನಡೆದ. ದಾರಿ ಬಿಡದವರನ್ನು ದುರುಗುಟ್ಟಿ ನೋಡಿದ. ಇಷ್ಟೇ ಆಗಿದ್ದರೆ ಅವನ ಕತೆ ಹೇಳುವ ಗೋಜಿಗೆ ನಾನು ಹೋಗುತ್ತಿರಲಿಲ್ಲ. ಆದರೆ ಅವನು ತನ್ನ ಬದಲಾವಣೆಗೆ ತಾನೇ ಹೆದರಿದ. ಅದಕ್ಕೇ ನನಗೆ ಅವನ ಮೇಲೆ ಗೌರವ. ಹೆದರಿದವನು ಸೈನ್ಯದಿಂದ ನಿವೃತ್ತನಾಗಿದ್ದ ಒಬ್ಬ ಸುಬೇದಾರನ ಮನೆ ಹುಡುಕಿಕೊಂಡು ಹೋದ.

ಸುಬೇದಾರ ಅವನಿಗೆ ಗುರಿ ಕಲಿಸಿದ. ಪಿಸ್ತೂಲು ಖಾಲಿ ಇದೆ ಎಂದು ಯಾರು ಹೇಳಿದರೂ, ತಾನೇ ಹೇಳಿದರೂ, ತೆರೆದು ನೋಡದೆ ನಂಬಬಾರದೆಂದು ಕಲಿಸಿದ. ಗುಂಡು ಎದುರಿನವನಲ್ಲೇ ನಿಲ್ಲುತ್ತದೆಂಬ ಭರವಸೆಯಿಲ್ಲ, ಅವನ ಹಿಂದೆ ಯಾರಿದ್ದಾರೆಂದು ಮೊದಲು ನೋಡಬೇಕೆಂದು ಕಲಿಸಿದ. ವ್ಯಾಪಾರಿ ಎಲ್ಲವನ್ನೂ ಬೇಗ ಕಲಿತ. ಆಗ ಸುಬೇದಾರ ಗುಂಡುಗಳನ್ನೆಲ್ಲ ತೆಗೆದು ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡ. ಪಿಸ್ತೂಲಿನ ಹಿಡಿಕೆಗೆ ಒಂದು ಗೆಜ್ಜೆ ಕಟ್ಟಿದ. ನಡೆದರೆ ಸದ್ದಾಗದಂತೆ, ಕೈ ಇಟ್ಟರೆ ಮಾತ್ರ ಸದ್ದಾಗುವಂತೆ ಬಿಗಿದ.

"ಇದು ಘಲ್ ಅನ್ನೂದು ನಿಂತ ಮ್ಯಾಲೆ ಬರ್ರಿ, ಸಾವಕಾರ್ರ. ಗುಂಡು ಆವಾಗ ಕೊಡತೀನಿ."

ಪಾಪ, ವ್ಯಾಪಾರಿಯ ಫಜೀತಿ ಶುರುವಾಯಿತು. ಗಿರಾಕಿ ಚೌಕಾಶಿ ಮಾಡಿದರೆ ಘಲ್. ಹೆಂಡತಿ ಎದುರು ಮಾತಾಡಿದರೆ ಘಲ್. ಒಮ್ಮೆ ಸಂತೆಯಲ್ಲಿ ಗೂಳಿ ಅಡ್ಡ ನಿಂತಾಗಲೂ ಘಲ್. ಸಾಹುಕಾರರು ಈ ವಯಸ್ಸಿನಲ್ಲಿ ಕುಣಿಯಲು ಕಲಿಯುತ್ತಿದ್ದಾರೆಂದು ಜನ ನಕ್ಕರು. ಕೈ ಅಲ್ಲಿಗೆ ಹೋದದ್ದು ಅವನಿಗೆ ತಿಳಿಯುತ್ತಿದ್ದದ್ದೇ ಗೆಜ್ಜೆ ಸದ್ದು ಮಾಡಿದ ಮೇಲೆ. ತನ್ನೊಳಗೆ ಇಷ್ಟು ಸಿಟ್ಟಿದೆ ಎಂಬುದು ಅವನಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಆದರೂ ಅವನು ಗೆಜ್ಜೆ ಬಿಚ್ಚಿ ಎಸೆಯಲಿಲ್ಲ. ಸದ್ದು ಕಡಿಮೆಯಾಗುತ್ತ ಬಂತು. ಕೊನೆಗೆ ನಿಂತಿತು. ಸುಬೇದಾರ ಗೆಜ್ಜೆ ಬಿಚ್ಚಿಕೊಂಡು ಗುಂಡು ಕೊಟ್ಟ.

ಮುಂದಿನ ಸಂತೆಯಲ್ಲೇ ಒಬ್ಬ ಗಾಡಿಯವನು ವ್ಯಾಪಾರಿಯನ್ನು ತಡೆದು ನಿಲ್ಲಿಸಿದ. ತಂಗಿಯ ಸರದಲ್ಲಿ ತಾಮ್ರ ಬೆರೆಸಿದ್ದೀಯೆಂದು ಕೂಗಾಡಿದ. ವ್ಯಾಪಾರಿ ಬಾಯಿ ತೆರೆಯುವ ಮೊದಲೇ ಕೆನ್ನೆಗೆ ಹೊಡೆದ. ರುಮಾಲು ಮಣ್ಣಿಗೆ ಬಿತ್ತು. ಸರ ಚೊಕ್ಕವಾಗಿತ್ತೆಂದು ಆಮೇಲೆ ತಿಳಿಯಿತು, ಆ ಮಾತು ಬೇರೆ. ಗಾಡಿಯವನ ಹಿಂದೆ ಬಳೆ ಅಂಗಡಿ ಇತ್ತು. ಹೆಂಗಸರು ಬಳೆ ಇಡಿಸಿಕೊಳ್ಳುತ್ತಿದ್ದರು. ವ್ಯಾಪಾರಿ ಅವರನ್ನು ನೋಡಿದ. ಬಗ್ಗಿ ರುಮಾಲು ಎತ್ತಿಕೊಂಡ.

"ನೀ ಸರಾ ತಂದು ತೋರಿಸಪಾ, ನೋಡೂಣು," ಎಂದು ಕೈಮುಗಿದು ಅಲ್ಲಿಂದ ಹೊರಟ. ಸಂತೆಗೆ ಸಂತೆಯೇ ಅವನನ್ನು ಪುಕ್ಕಲ ಎಂದಿತು.

ಅವನು ನೇರ ಸುಬೇದಾರನ ಮನೆಗೆ ಹೋದ. ಸುದ್ದಿ ಅವನಿಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಸುಬೇದಾರ ಹೆಮ್ಮೆಯಿಂದ ಬೆನ್ನು ತಟ್ಟಲು ಬಂದ. ವ್ಯಾಪಾರಿ ತಲೆ ತಗ್ಗಿಸಿ ನಿಂತ.

"ಕೈ ಹೋಗಲಿಲ್ರಿ. ಮನಸು ಹೋತು. ಆ ಗೆಜ್ಜಿ ನನಗ ವಾಪಸ್ ಕೊಡ್ರಿ."

ಸುಬೇದಾರ ನೆಟ್ಟಗೆ ನಿಂತ. ತನ್ನ ದೊಡ್ಡ ಅಧಿಕಾರಿಗಳಿಗೆ ಹೊಡೆಯುತ್ತಿದ್ದ ಸೆಲ್ಯೂಟನ್ನು ಆ ವ್ಯಾಪಾರಿಗೆ ಹೊಡೆದ. ಒಳಗೆ ಹೋಗಿ ಗೆಜ್ಜೆ ತಂದುಕೊಟ್ಟ.

ವ್ಯಾಪಾರಿ ಬಾಳಿನುದ್ದಕ್ಕೂ ಅದೇ ಕಾಡುದಾರಿಯಲ್ಲಿ ಓಡಾಡಿದ. ಜನರ ಒಡವೆ ಒಂದೂ ಕಳೆಯಲಿಲ್ಲ. ಅವನು ಒಂದು ಜೀವವನ್ನೂ ತೆಗೆಯಲಿಲ್ಲ. ಅವನ ಸೊಂಟದಲ್ಲಿ ಪಿಸ್ತೂಲು ಇದ್ದದ್ದು ಊರಿಗೆ ತಿಳಿದದ್ದು ಅವನು ಸತ್ತ ದಿನ, ಮೈ ತೊಳೆಯಲು ಕೋಟು ಬಿಚ್ಚಿದಾಗ. ಅದರ ಹಿಡಿಕೆಯಲ್ಲಿ ಸವೆದ ಗೆಜ್ಜೆಯೊಂದಿತ್ತು. ಅಂದು ಹೊಡೆದ ಗಾಡಿಯವನು ನೀರಿನ ಕೊಡ ಹೊತ್ತು ಅಲ್ಲಿಯೇ ನಿಂತಿದ್ದ. ಅದನ್ನು ಕಂಡವನು ಕೊಡ ಇಳಿಸಿ ಕುಳಿತುಬಿಟ್ಟ.

"ಅವತ್ತ ಸಂತ್ಯಾಗೂ ಇದು ಇತ್ತೇನ್ರಿ ಯಕ್ಕಾ?" ಎಂದು ವ್ಯಾಪಾರಿಯ ಹೆಂಡತಿಯನ್ನು ಕೇಳಿದ.

"ಇತ್ತಪಾ," ಎಂದಳು ಆಕೆ. "ಯಾವತ್ತೂ ಇತ್ತು."

ಅಜ್ಜನವರು ಕತೆ ಮುಗಿಸಿ ಕಾಲು ಮಡಚಿಕೊಂಡರು. ಮಡಿವಾಳಯ್ಯನಿಗೆ ಇನ್ನೂ ಸಮಾಧಾನವಾಗಿರಲಿಲ್ಲ.

"ನನ್ನ ಹತ್ರ ಪಿಸ್ತೂಲ ಎಲ್ಲದರಿ, ಅಜ್ಜಾರ? ನಾ ಕೇಳಿದ್ದು ಒಂದು ಮಾತಿನ ಸುದ್ದಿ."

"ನೀ ಅದನ್ನ ಕೇಳಾಕ ಬಾಯಿ ತೆರೆದಾಗನ ನನಗ ಗೆಜ್ಜಿ ಸಪ್ಪಳ ಕೇಳಿಸಿತು, ಮರಿ."