ಕೊಸರಿಗೆ ಬಂದ ಕುತ್ತು

ತೂಕ ಮುಗಿದ ಮೇಲೆ ವ್ಯಾಪಾರಿ ಚೀಲಕ್ಕೆ ಹಾಕುವ ಹೆಚ್ಚಿನ ಹಿಡಿಗೆ ಕೊಸರು ಅನ್ನುತ್ತಾರೆ. ನಮ್ಮೂರ ಸಂತೆಯಲ್ಲಿ ಒಮ್ಮೆ ಈ ಕೊಸರಿಗೇ ಕುತ್ತು ಬಂತು.

ಅರ್ಥಶಾಸ್ತ್ರದ ಪ್ರೊಫೆಸರ್ ಅನಂತರಾಮಯ್ಯನವರು ವರ್ಷವಿಡೀ ಸಂತೆ ಸುತ್ತಿ ಒಂದು ವರದಿ ಬರೆದರು. ಕೊಸರಿನಿಂದ ವ್ಯಾಪಾರಿಗೆ ನಷ್ಟ, ಗಿರಾಕಿಗೆ ಅದರ ಮೇಲೆ ಆಸೆಯೂ ಇಲ್ಲ ಎಂದು. ಸಂತೆಯ ಕಮಿಟಿ ತಲೆಯಾಡಿಸಿತು. ಇನ್ನು ಕೊಸರು ಕೊಟ್ಟವರಿಗೆ ಸಂತೆಯಲ್ಲಿ ಜಾಗವಿಲ್ಲ. ಹಾಗೆಂದು ಬರೆದ ಕಾಗದಕ್ಕೆ ವ್ಯಾಪಾರಿಗಳೆಲ್ಲರೂ ಹೆಬ್ಬೆಟ್ಟು ಒತ್ತಬೇಕು.

ಪ್ರೊಫೆಸರರು ಆ ಕಾಗದ ಹಿಡಿದು ಮೊದಲು ಅವರೆಕಾಯಿ ಮಾರುವ ಚಿಕ್ಕತಾಯಮ್ಮನ ಹತ್ತಿರ ಬಂದರು.

“ಒತ್ತೋಣ ಸ್ವಾಮಿ. ಮೊದ್ಲು ನಿಮ್ಮ ವಾರದ ಕಾಯಿ ತಗೊಳ್ಳಿ,” ಎಂದಳು ಅವಳು.

ಪ್ರೊಫೆಸರರು ಕಾಗದವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಚೀಲ ಹಿಡಿದರು. ತಕ್ಕಡಿಯ ಮುಳ್ಳು ನೆಟ್ಟಗಾಗುವವರೆಗೆ ಚಿಕ್ಕತಾಯಮ್ಮ ಒಂದೊಂದೇ ಕಾಯಿ ಹಾಕಿದಳು, ತೆಗೆದಳು. ಆಮೇಲೆ ಚೀಲಕ್ಕೆ ಸುರಿದು, ಸುಮ್ಮನೆ ಕೂತಳು.

ಪ್ರೊಫೆಸರರು ನಿಂತೇ ಇದ್ದರು.

“ತೂಕ ಸರಿ ಇತ್ತಲ್ವಾ ಸ್ವಾಮಿ?”

“ಸರಿಯಾಗೇ ಇತ್ತಮ್ಮ.”

“ಮತ್ತೆ ಚೀಲದ ಬಾಯಿ ಯಾಕೆ ಅಗಲಿಸ್ಕೊಂಡೇ ಇದೀರಿ?”

ಪ್ರೊಫೆಸರರು ಬಗ್ಗಿ ನೋಡಿದರು. ಚೀಲ ಎರಡೂ ಕೈಯಲ್ಲಿ ತೆರೆದೇ ಇತ್ತು. ಪಕ್ಕದ ಸೊಪ್ಪಿನವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

“ಅದು... ಅಭ್ಯಾಸ,” ಎಂದರು.

“ಅದನ್ನೂ ವರದಿಗೆ ಸೇರಿಸ್ಬಿಡಿ ಸ್ವಾಮಿ.”

ಪ್ರೊಫೆಸರರು ಕಾಗದ ಮಡಚಿ ಜೇಬಿಗಿಟ್ಟರು. ಚಿಕ್ಕತಾಯಮ್ಮ ಒಂದು ಬೊಗಸೆ ಕಾಯಿ ಚೀಲಕ್ಕೆ ಹಾಕಿದಳು.

“ಇದು ಕಾಗದ ಮಡಚಿದ್ದಕ್ಕೇನಮ್ಮ?”

“ಅಲ್ಲ ಸ್ವಾಮಿ. ಮುಂದಿನ ವಾರಾನೂ ನೀವು ನನ್ನ ಹತ್ರಾನೇ ಬರ್ಬೇಕಲ್ಲ, ಅದಕ್ಕೆ.”