ಆಡಿಟರ್ ಕೇಳಿದ ಒಟಿಪಿ

ತುಮಕೂರಿನಲ್ಲಿ ಮನೆಮನೆಗೆ ಹೋಗಿ ಮದುಮಗಳಿಗೆ ಮೇಕಪ್ ಮಾಡುವವಳೊಬ್ಬಳಿದ್ದಳು. ತೆರಿಗೆ ಲೆಕ್ಕವನ್ನು ಆಡಿಟರ್ ಗಂಗಾಧರಯ್ಯನವರಿಗೆ ಒಪ್ಪಿಸಿದ್ದಳು. ಏನು ಬರೆದಿದ್ದೀರಿ ಎಂದು ಕೇಳಲು ಯಾವಾಗ ಫೋನ್ ಮಾಡಿದರೂ ಆಫೀಸಿನವರದು ಒಂದೇ ಮಾತು: "ಸಾರ್ ಮೀಟಿಂಗ್‌ನಲ್ಲಿದ್ದಾರೆ." ವರ್ಷವೆಲ್ಲಾ ಅದೆಂಥಾ ಮೀಟಿಂಗು! ಅವಳಿಗೆ ಅನುಮಾನ ಬಂತು.

ತೆರಿಗೆ ಲೆಕ್ಕ ಸಲ್ಲಿಸುವ ಕೊನೇ ದಿನ ಆಡಿಟರೇ ಫೋನ್ ಮಾಡಿದರು.

"ನಿನ್ನ ಮೊಬೈಲಿಗೆ ಒಟಿಪಿ ಬಂದಿದೆ, ಬೇಗ ಹೇಳಮ್ಮ. ರಿಟರ್ನ್ ಸಲ್ಲಿಸಬೇಕು."

"ಮೇಡಂ ಮೀಟಿಂಗ್‌ನಲ್ಲಿದ್ದಾರೆ," ಎಂದಳು.

"ಏಯ್, ನಿನ್ನ ದನಿ ನನಗೆ ಗೊತ್ತಾಗಲ್ವಾ?"

"ಹೇಗೆ ಗೊತ್ತಾಯ್ತು ಸಾರ್? ಒಂದು ಸಲವೂ ನೀವು ನನ್ನ ಫೋನ್ ಎತ್ತಿಲ್ಲವಲ್ಲ!"

"ತಮಾಷೆ ಸಾಕು. ಒಟಿಪಿ ಹೇಳು, ಟೈಮ್ ಮುಗಿಯುತ್ತೆ."

"ಮುಗಿದರೆ ಇನ್ನೊಂದು ತರಿಸೋಣ. ಮೊದಲು ನನ್ನ ಖರ್ಚು ಅಂತ ಏನೇನು ಬರೆದಿದ್ದೀರೋ ಓದಿ."

ಆಡಿಟರ್ ಹಲ್ಲು ಕಡಿಯುತ್ತಲೇ ಓದಿದರು. "ಮೇಕಪ್ ಸಾಮಾನು... ಆಟೋ ಖರ್ಚು... ಅಂಗಡಿ ಬಾಡಿಗೆ..."

"ನಿಲ್ಲಿಸಿ. ನನಗೆ ಅಂಗಡಿ ಇದೆಯಾ ಸಾರ್?"

ಆಡಿಟರ್ ಗಡಿಬಿಡಿಯಿಂದ ಮುಂದಿನ ಸಾಲು ಓದಲು ಹೊರಟರು. ಅವಳು ಬಿಡಲಿಲ್ಲ.

"ಅದರ ಅಡ್ರೆಸ್ ಹೇಳಿ, ಆಮೇಲೆ ಒಟಿಪಿ ಹೇಳ್ತೀನಿ. ವರ್ಷವೆಲ್ಲಾ ಬಾಡಿಗೆ ಕಟ್ಟಿದ್ದೀನಂತಲ್ಲ, ಒಂದು ದಿನವಾದರೂ ಬಾಗಿಲು ತೆಗೆದು ಕೂತ್ಕೋತೀನಿ!"